ಬಿರುಕು ಬಿಟ್ಟ ಐಪೀಸ್ ಮತ್ತು ರೊನಾಲ್ಡ್ ರಾಸ್

ಸಂಯುಕ್ತ ಸೂಕ್ಷ್ಮದರ್ಶಕದ ಅಂದವಾದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ. ಈ ಪ್ರಶ್ನೆಗೆ ಉತ್ತರ ಬರೆಯದೆ ಎಸ್ಸೆಸ್ಸೆಲ್ಸಿ, ಪಿಯುಸಿ ದಾಟಿ ಬಂದವರು ನಮ್ಮ ಕ್ಯಾಂಪಸ್ಸಿನಲ್ಲಿ ಯಾರೂ ಇರಲಿಕ್ಕಿಲ್ಲ. ಐಪೀಸ್, ಆಬ್ಜೆಕ್ಟಿವ್, ಸ್ಟೇಜ್, ಕಂಡೆನ್ಸರ್, ಡಯಾಫ್ರಮ್, ಕನ್ನಡಿ ಅಂತ ಬಾಣದ ಗುರುತು ಹಾಕಿ ಹೆಸರು ಬರೆದ್ವಿ, ಮಾರ್ಕ್ಸ್ ತಗೊಂಡ್ವಿ, ಮರೆತ್ವಿ. ಮೆಕ್ಯಾನಿಕಲ್‌ನವರು ಮಟೀರಿಯಲ್ ಸೈನ್ಸ್ ಲ್ಯಾಬಿನಲ್ಲಿ ಉಕ್ಕಿನ ತುಣುಕನ್ನು ಪಾಲಿಶ್ ಮಾಡಿ ಕೆಳಗಿಡುವಾಗ ಮತ್ತೊಮ್ಮೆ ಅದರ ಮುಖ ನೋಡ್ತಾರ. ಉಳಿದವರಿಗೆ ಅದೂ ಇಲ್ಲ.

ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನ ನಮ್ಮ ಮಂದಿಯ ಬದುಕಿಗೂ ಈ ಸಾಧನಕ್ಕೂ ಹತ್ತಿರದ ನಂಟು ಐತಿ. ಚಳಿಜ್ವರ ಬಂದು ಸರಕಾರಿ ದವಾಖಾನೆಗೆ ಹೋದರೆ, ಮಲೇರಿಯಾ ಸಂಶಯ ಇದ್ದಾಗ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಸ್ಲೈಡಿನ ಮೇಲೆ ರಕ್ತ ತಗೊಳ್ತಾರ. ಒಂದು ದಪ್ಪ ಲೇಪ, ಒಂದು ತೆಳು ಲೇಪ. ಆಮೇಲೆ ಲ್ಯಾಬ್ ಟೆಕ್ನೀಷಿಯನ್ ಅದಕ್ಕೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡ್ತಾರ. ಆ ದಪ್ಪ ಲೇಪದ ಉಪಾಯವನ್ನು 1903ರಲ್ಲಿ ಕೊಟ್ಟವರು, ಮಲೇರಿಯಾ ಸೊಳ್ಳೆಯ ಹೊಟ್ಟೆಯೊಳಗೆ ಬೆಳೀತೈತಿ ಅಂತ ಮೊದಲು ಕಂಡವರು, ಇಬ್ಬರೂ ಒಬ್ಬರೇ. ಅವರೇ ರೊನಾಲ್ಡ್ ರಾಸ್.

ರಾಸ್ ಅವರ ಜೀವನವನ್ನು ನೊಬೆಲ್ ಪ್ರಶಸ್ತಿಯಿಂದ ಶುರು ಮಾಡಿ ಹೇಳುವುದು ರೂಢಿ. ನಾವು ಅವರ ಸೂಕ್ಷ್ಮದರ್ಶಕವನ್ನು ಹಿಡಿದುಕೊಂಡು ಹೋಗೋಣ. ಯಾಕಂದ್ರ ಪರೀಕ್ಷೆಗಾಗಿ ನಾವು ಬಾಯಿಪಾಠ ಮಾಡಿದ ಒಂದೊಂದು ಭಾಗವೂ ಈ ಕಥೆಯಲ್ಲಿ ತನ್ನ ಕೆಲಸ ಏನು ಅಂತ ತೋರಿಸತೈತಿ.

ಮನಸ್ಸಿಲ್ಲದ ಡಾಕ್ಟರ್

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಡಿಲಿನ ಅಲ್ಮೋರಾದಲ್ಲಿ. ಅಪ್ಪ ಬ್ರಿಟಿಷ್ ಭಾರತದ ಸೈನ್ಯದಲ್ಲಿ ದೊಡ್ಡ ಅಧಿಕಾರಿ. ಹತ್ತು ಮಕ್ಕಳಲ್ಲಿ ರಾಸ್ ಅವರೇ ಹಿರಿಯರು. ಎಂಟನೇ ವಯಸ್ಸಿಗೆ ಓದಲಿಕ್ಕೆ ಇಂಗ್ಲೆಂಡಿಗೆ ಕಳಿಸಿದರು. ಹುಡುಗನಿಗೆ ಕವಿತೆ ಬರೆಯುವ ಹುಚ್ಚು, ಸಂಗೀತದ ಹುಚ್ಚು, ಚಿತ್ರ ಬಿಡಿಸುವ ಹುಚ್ಚು. ಗಣಿತವೂ ಸೇರುತ್ತಿತ್ತು. ಸೇರದೇ ಇದ್ದದ್ದು ವೈದ್ಯಕೀಯ ಒಂದೇ. ಆದರೆ ಮಗ ಡಾಕ್ಟರಾಗಿ ಭಾರತದ ವೈದ್ಯಕೀಯ ಸೇವೆಗೆ ಸೇರಬೇಕು ಅನ್ನೋದು ಅಪ್ಪನ ಹಟ. ಮನೆಯವರ ಮಾತಿಗೆ ಸೀಟು ತಗೊಂಡವರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಕಾಲೇಜಿಗೆ ಸೇರಿದರು. ಅಲ್ಲಿ ಓದಿಗಿಂತ ಕವಿತೆ, ನಾಟಕ, ಸಂಗೀತದಲ್ಲೇ ಹೆಚ್ಚು ಹೊತ್ತು ಕಳೆಯಿತು. ಒಂದು ಪರೀಕ್ಷೆ ಪಾಸಾಯಿತು, ಇನ್ನೊಂದು ಹೋಯಿತು. ನಡುವೆ ಹಡಗಿನ ಡಾಕ್ಟರಾಗಿ ಕೆಲಸ ಮಾಡಿ, ಉಳಿದ ಪರೀಕ್ಷೆ ಮುಗಿಸಿಕೊಂಡು 1881ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಬಂದರು. ಮದ್ರಾಸ್ ಪ್ರಾಂತದಲ್ಲಿ ನೌಕರಿ. ಕೆಲಸ ಕಡಿಮೆ, ಬಿಡುವು ಜಾಸ್ತಿ. ಆ ಬಿಡುವಿನಲ್ಲಿ ಗಣಿತವನ್ನು ತಾವೇ ಪುಸ್ತಕ ಹಿಡಿದು ಕಲಿತರು. ಈ ಗಣಿತ ಮುಂದೆ ದೊಡ್ಡ ಕೆಲಸಕ್ಕೆ ಬಂತು.

ಬೆಂಗಳೂರಿನ ನೀರಿನ ತೊಟ್ಟಿ

1883ರಲ್ಲಿ ರಾಸ್ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಇರಲಿಕ್ಕೆ ಒಳ್ಳೆಯ ಬಂಗಲೆ, ಆದರೆ ವಿಪರೀತ ಸೊಳ್ಳೆ. ಅದರಲ್ಲೂ ಒಂದೇ ಕೋಣೆಯಲ್ಲಿ ಹೆಚ್ಚು. ಯಾಕೆ ಅಂತ ಹುಡುಕುತ್ತ ಹೋದಾಗ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು. ಸೊಳ್ಳೆ ಕಡಿಮೆಯಾದವು. ಉಳಿದ ಕಡೆಯೂ ಹೀಗೇ ಮಾಡೋಣ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ, ಆತ ಒಪ್ಪಲಿಲ್ಲ. ದೇವರು ಸೊಳ್ಳೆಯನ್ನು ಏನೋ ಒಂದು ಉದ್ದೇಶಕ್ಕೆ ಸೃಷ್ಟಿಸಿರಬೇಕು ಅನ್ನೋದು ಆತನ ವಾದ.

ಆಗ ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧ ಐತಿ ಅಂತ ರಾಸ್ ಅವರಿಗೂ ಗೊತ್ತಿರಲಿಲ್ಲ. ಮಲೇರಿಯಾ ಅನ್ನೋ ಹೆಸರಿನ ಅರ್ಥವೇ ಕೆಟ್ಟ ಗಾಳಿ. ಜವುಗು ನೆಲದಿಂದ ಏಳುವ ಗಾಳಿ ಕುಡಿದರೆ ಜ್ವರ ಬರತೈತಿ ಅಂತ ಶತಮಾನಗಳಿಂದ ಜನ ನಂಬಿದ್ದರು. ಆದರೆ ನಿಂತ ನೀರು ತೆಗೆದರೆ ಸೊಳ್ಳೆ ಹೋಗತಾವ ಅನ್ನೋ ಸಾದಾ ಲೆಕ್ಕ ಬೆಂಗಳೂರಿನಲ್ಲೇ ಅವರ ತಲೆಯಲ್ಲಿ ಕೂತಿತು.

ಎರಡು ಮಸೂರಗಳ ಜೋಡಿ

1888ರಲ್ಲಿ ರಜೆ ಮೇಲೆ ಲಂಡನ್ನಿಗೆ ಹೋದ ರಾಸ್ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಮಾಡಿದರು. ಜೊತೆಗೆ ಪ್ರೊಫೆಸರ್ ಕ್ಲೈನ್ ಅವರ ಹತ್ತಿರ ಸೂಕ್ಷ್ಮಜೀವಿಶಾಸ್ತ್ರ ಕಲಿತರು. ಸೂಕ್ಷ್ಮದರ್ಶಕ ಸರಿಯಾಗಿ ಕೈಗೆ ಬಂದದ್ದು ಆಗ.

ಇಲ್ಲಿ ಒಂದು ನಿಮಿಷ ನಿಂತು ಆ ಸಾಧನವನ್ನೇ ನೋಡೋಣ. ಗಡಿಯಾರ ರಿಪೇರಿ ಮಾಡುವವರು ಕಣ್ಣಿಗೆ ಸಿಕ್ಕಿಸಿಕೊಳ್ಳುವುದು ಒಂದೇ ಮಸೂರ, ಅದು ಸರಳ ಸೂಕ್ಷ್ಮದರ್ಶಕ. ಸಂಯುಕ್ತ ಅಂದ್ರ ಎರಡು ಹಂತ. ವಸ್ತುವಿನ ಹತ್ತಿರ ಇರುವ ಆಬ್ಜೆಕ್ಟಿವ್ ಮಸೂರವು ಕೊಳವೆಯೊಳಗೆ ವಸ್ತುವಿನ ದೊಡ್ಡದಾದ, ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆ. ಕಣ್ಣಿನ ಹತ್ತಿರದ ಐಪೀಸ್ ಆ ಬಿಂಬವನ್ನೇ ಭೂತಗನ್ನಡಿಯಂತೆ ಮತ್ತೆ ದೊಡ್ಡದು ಮಾಡಿ ತೋರಿಸುತ್ತದೆ. ಹಂಗಾಗಿ ಎರಡನ್ನೂ ಗುಣಿಸಬೇಕು: 10 ಪಟ್ಟಿನ ಐಪೀಸ್, 40 ಪಟ್ಟಿನ ಆಬ್ಜೆಕ್ಟಿವ್ ಸೇರಿದರೆ 400 ಪಟ್ಟು. ಬಿಂಬ ತಲೆಕೆಳಗಾಗಿರುವುದರಿಂದ ಸ್ಲೈಡನ್ನು ಬಲಕ್ಕೆ ಸರಿಸಿದರೆ ಚಿತ್ರ ಎಡಕ್ಕೆ ಓಡುತ್ತದೆ. ಹೊಸಬರು ಮೊದಲ ದಿನ ತಡವರಿಸುವುದು ಇಲ್ಲೇ.

ಆದರೆ ಪಟ್ಟು ಹೆಚ್ಚಿಸಿದಷ್ಟೂ ಹೆಚ್ಚು ಕಾಣುವುದಿಲ್ಲ. ಮೊಬೈಲ್ ಫೋಟೊವನ್ನು ಜೂಮ್ ಮಾಡುತ್ತ ಹೋದರೆ ಒಂದು ಹಂತದ ನಂತರ ಬರೀ ಚೌಕಗಳು ಕಾಣತಾವಲ್ಲ, ಹಂಗ. ಹತ್ತಿರ ಇರುವ ಎರಡು ಚುಕ್ಕೆಗಳನ್ನು ಎರಡೇ ಅಂತ ಬಿಡಿಸಿ ತೋರಿಸುವ ಶಕ್ತಿ ಬೆಳಕಿನ ತರಂಗದೂರ ಮತ್ತು ಮಸೂರ ಎಷ್ಟು ಅಗಲದ ಕೋನದಿಂದ ಬೆಳಕು ಹಿಡೀತೈತಿ ಅನ್ನೋದರ ಮೇಲೆ ನಿಂತಿದೆ. ಜರ್ಮನಿಯ ಅರ್ನ್ಸ್ಟ್ ಅಬೆ ಇದನ್ನು 1873ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಸಾಮಾನ್ಯ ಬೆಳಕಿನಲ್ಲಿ ಈ ಮಿತಿ ಸುಮಾರು 0.2 ಮೈಕ್ರಾನ್. ನಮ್ಮ ಕೆಂಪು ರಕ್ತಕಣದ ಅಗಲ 7ರಿಂದ 8 ಮೈಕ್ರಾನ್. ಅದರೊಳಗೆ ಕೂರುವ ಮಲೇರಿಯಾ ಪರಾವಲಂಬಿ ಇನ್ನೂ ಸಣ್ಣದು, ಆದರೂ ಮಿತಿಯೊಳಗೇ ಇದೆ. ಅಂದ್ರ ಆ ಕಾಲದ ಒಳ್ಳೆಯ ಸೂಕ್ಷ್ಮದರ್ಶಕಕ್ಕೆ ಅದು ಕಾಣಲೇಬೇಕು.

ಕಾಣಲಿಲ್ಲ! ಫ್ರೆಂಚ್ ಸೈನ್ಯದ ಡಾಕ್ಟರ್ ಲಾವೆರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಈ ಪರಾವಲಂಬಿಯನ್ನು ಕಂಡಿದ್ದರು. ರಾಸ್ ಭಾರತಕ್ಕೆ ಮರಳಿ ಜ್ವರದ ರೋಗಿಗಳ ರಕ್ತ ನೋಡಿದರು, ಅವರಿಗೆ ಏನೂ ಸಿಗಲಿಲ್ಲ. ಲಾವೆರಾನ್ ಹೇಳಿದ್ದೇ ತಪ್ಪು, ಈ ಜ್ವರ ಹೊಟ್ಟೆಯ ಕೆಡುಕಿನಿಂದ ಬರುವಂಥದ್ದು ಅಂತ ಲೇಖನಗಳನ್ನೂ ಬರೆದುಬಿಟ್ಟರು. ಸಾಧನ ಇತ್ತು, ಸ್ಲೈಡ್ ಇತ್ತು, ರೋಗಿ ಇದ್ದರು. ಏನನ್ನು ನೋಡಬೇಕು ಅಂತ ತೋರಿಸುವ ಗುರು ಇರಲಿಲ್ಲ.

ಮ್ಯಾನ್ಸನ್ ಮೇಷ್ಟ್ರು

ಆ ಗುರು 1894ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಸಿಕ್ಕರು. ಪ್ಯಾಟ್ರಿಕ್ ಮ್ಯಾನ್ಸನ್, ಚೀನಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಡಾಕ್ಟರ್. ಆನೆಕಾಲು ರೋಗದ ಹುಳು ಸೊಳ್ಳೆಯ ಮೈಯೊಳಗೆ ಬೆಳೆಯುತ್ತದೆ ಅಂತ ಮೊದಲು ಕಂಡವರು. ಅವರು ರಾಸ್ ಅವರನ್ನು ಕೂರಿಸಿಕೊಂಡು, ಮಲೇರಿಯಾ ರೋಗಿಯ ರಕ್ತದ ಸ್ಲೈಡ್ ಇಟ್ಟು, ಇದು ಧೂಳು, ಇದು ರಕ್ತಕಣದ ಮಡಿಕೆ, ಇದೇ ಪರಾವಲಂಬಿ ಅಂತ ಬಿಡಿಸಿ ತೋರಿಸಿದರು. ಬಾಳೆಹಣ್ಣಿನ ಆಕಾರದಲ್ಲಿ ಬಾಗಿದ ದೇಹ, ನಡುವೆ ಕಪ್ಪು ಕಾಳುಗಳು. ಆ ಕಪ್ಪು ಕಾಳು ಯಾವುದು ಗೊತ್ತೇನ್ರಿ? ಪರಾವಲಂಬಿ ನಮ್ಮ ರಕ್ತದ ಹಿಮೋಗ್ಲೋಬಿನ್ ತಿಂದು ಉಳಿಸಿದ ಕಸ. ಬೇರೆ ಯಾವ ಜೀವಕೋಶದಲ್ಲೂ ಹೀಗೆ ಕಾಣುವುದಿಲ್ಲ ಅನ್ನೋ ಮಟ್ಟಿಗೆ ಅದು ಮಲೇರಿಯಾದ ಸಹಿ.

ಒಮ್ಮೆ ಕಂಡ ಮೇಲೆ ರಾಸ್ ತಮ್ಮ ಹಳೆಯ ವಾದವನ್ನು ಕೈಬಿಟ್ಟರು. ಸೊಳ್ಳೆ ರೋಗಿಯ ರಕ್ತ ಹೀರಿದಾಗ ಪರಾವಲಂಬಿ ಅದರ ಹೊಟ್ಟೆಗೆ ಹೋಗಿ ಮುಂದಿನ ಹಂತಕ್ಕೆ ಬೆಳೆಯಬೇಕು ಅಂತ ಮ್ಯಾನ್ಸನ್ ಊಹಿಸಿದ್ದರು. ಅದನ್ನು ಹುಡುಕಲಿಕ್ಕೆ ಭಾರತದಲ್ಲಿರುವ ರಾಸ್ ಅವರೇ ಸರಿ. ಮ್ಯಾನ್ಸನ್ ಊಹೆಯಲ್ಲಿ ಅರ್ಧ ತಪ್ಪೂ ಇತ್ತು: ಸತ್ತ ಸೊಳ್ಳೆ ಬಿದ್ದ ನೀರು ಕುಡಿದು ಜನರಿಗೆ ರೋಗ ಬರುತ್ತದೆ ಅಂತ ಅವರು ತಿಳಿದಿದ್ದರು. ಊಹೆ ಪೂರ್ತಿ ಸರಿ ಇರಬೇಕಾಗಿಲ್ಲ, ಯಾವ ಕಡೆ ನೋಡಬೇಕು ಅಂತ ಹೇಳಿದರೆ ಸಾಕು.

ಎರಡು ವರ್ಷ ತಪ್ಪು ಸೊಳ್ಳೆ

1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದರು. ರೋಗಿಗಳಿಗೆ ಸೊಳ್ಳೆ ಕಚ್ಚಿಸುವುದು, ಆ ಸೊಳ್ಳೆಗಳನ್ನು ಕೆಲವು ದಿನ ಬಾಟಲಿಯಲ್ಲಿ ಸಾಕುವುದು, ಆಮೇಲೆ ಸೂಜಿಯಿಂದ ಬಿಡಿಸಿ ಹೊಟ್ಟೆಯನ್ನು ಸ್ಲೈಡ್ ಮೇಲೆ ಹರಡಿ ನೋಡುವುದು. ಒಂದೊಂದು ಸೊಳ್ಳೆಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಏನೂ ಸಿಗಲಿಲ್ಲ. ಕಾರಣ ಈಗ ನಮಗೆ ಗೊತ್ತು: ಅವರು ನೋಡುತ್ತಿದ್ದದ್ದು ಕ್ಯೂಲೆಕ್ಸ್, ಈಡಿಸ್ ಜಾತಿಯ ಸೊಳ್ಳೆ. ಮನುಷ್ಯರ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಲ್ಲಿ ಮಾತ್ರ ಬೆಳೆಯುತ್ತದೆ. ಸ್ಯಾಂಪಲ್ಲೇ ತಪ್ಪಿದ್ದರೆ ಎಂಥ ಸೂಕ್ಷ್ಮದರ್ಶಕವೂ ಏನು ಮಾಡೀತು?

ಅಷ್ಟರಲ್ಲಿ 1895ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಾಲರಾ ಎದ್ದಿತು. ರಾಸ್ ಅವರನ್ನು ಅಲ್ಲಿಗೆ ಕಳಿಸಿದರು. ಊರಿನ ಬಾವಿ, ಚರಂಡಿ, ನೀರಿನ ವ್ಯವಸ್ಥೆಯ ಕೆಲಸದಲ್ಲೇ ಬಹಳ ಕಾಲ ಹೋಯಿತು. ಸೊಳ್ಳೆಯ ಕೆಲಸ ಬಿಡುವಿದ್ದಾಗ ಮಾತ್ರ. ಒಬ್ಬ ಡಾಕ್ಟರ್ ಹೆಚ್ಚುಕಡಿಮೆ ಸಿವಿಲ್ ಎಂಜಿನಿಯರನ ಕೆಲಸ ಮಾಡಿದ ಕಾಲ ಅದು. ರೋಗ ತಡೆಯುವುದು ಔಷಧಕ್ಕಿಂತ ಮೊದಲು ನೀರು, ಚರಂಡಿಯ ವಿಷಯ ಅನ್ನೋ ಅವರ ನಂಬಿಕೆ ಇಲ್ಲೇ ಗಟ್ಟಿಯಾಯಿತು.

1897ರ ಬೇಸಿಗೆಯಲ್ಲಿ ರಜೆ ಹಾಕಿ ಊಟಿಗೆ ಹೋದರು. ಹತ್ತಿರದ ಸಿಗೂರ್ ಘಟ್ಟ ಮಲೇರಿಯಾಕ್ಕೆ ಹೆಸರಾದ ಜಾಗ. ಅಲ್ಲಿ ಓಡಾಡಿ ಸ್ವತಃ ಮಲೇರಿಯಾ ಹತ್ತಿಸಿಕೊಂಡರು. ಆದರೆ ಅಲ್ಲೇ ಒಂದು ಬೇರೆ ನಮೂನೆಯ ಸೊಳ್ಳೆ ಕಣ್ಣಿಗೆ ಬಿತ್ತು: ರೆಕ್ಕೆಯ ಮೇಲೆ ಚುಕ್ಕೆ, ಕೂತಾಗ ಹಿಂಭಾಗ ಮೇಲೆತ್ತಿ ಕೂರುವ ಭಂಗಿ. ಮನಸ್ಸಿನಲ್ಲಿ ಗುರುತು ಹಾಕಿಕೊಂಡರು.

1897ರ ಆಗಸ್ಟ್

ಸಿಕಂದರಾಬಾದಿನ ಬೇಗಂಪೇಟೆಗೆ ಮರಳಿದ ಮೇಲೆ ಆ ಚುಕ್ಕೆ ರೆಕ್ಕೆಯ ಸೊಳ್ಳೆಯ ಮರಿಹುಳುಗಳು ಸಹಾಯಕರ ಮೂಲಕ ಕೈಗೆ ಸಿಕ್ಕವು. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ಮೈಗೆ ಹತ್ತು ಸೊಳ್ಳೆಗಳನ್ನು ಕಚ್ಚಿಸಿದರು. ಒಂದು ಕಡಿತಕ್ಕೆ ಒಂದು ಆಣೆ, ಒಟ್ಟು ಹತ್ತು ಆಣೆ ಕೊಟ್ಟರು. ಆಗ ರೂಪಾಯಿಗೆ ಹದಿನಾರು ಆಣೆ.

ಈಗ ಸೂಕ್ಷ್ಮದರ್ಶಕದ ಸ್ಥಿತಿ ನೋಡ್ರಿ. ಸೆಕೆಗೆ ಹಣೆಯಿಂದ, ಕೈಯಿಂದ ಸುರಿದ ಬೆವರು ಬಿದ್ದು ಬಿದ್ದು ಅದರ ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ಉಳಿದಿದ್ದ ಒಂದೇ ಐಪೀಸ್ ಬಿರುಕು ಬಿಟ್ಟಿತ್ತು. ಪಂಕಾ ಎಳೆಸುವಂತಿಲ್ಲ, ಗಾಳಿಗೆ ಸೊಳ್ಳೆಯ ತುಣುಕುಗಳು ಹಾರಿಹೋಗುತ್ತವೆ. ಕಣ್ಣು, ಕಿವಿಗೆ ಮುತ್ತುವ ಸಣ್ಣ ನೊಣಗಳ ಕಾಟ ಬೇರೆ.

ಇಂಥದ್ದರಲ್ಲಿ ಕೆಲಸ ಹೇಗೆ ಸಾಧ್ಯ? ಇಲ್ಲಿಯೇ ಭಾಗಗಳ ಹೆಸರು ಗೊತ್ತಿರುವುದಕ್ಕೂ ಭಾಗಗಳು ಗೊತ್ತಿರುವುದಕ್ಕೂ ಇರುವ ವ್ಯತ್ಯಾಸ ತಿಳಿಯುವುದು.

ಮೊದಲು ಐಪೀಸ್. ಅದರಲ್ಲಿ ಬಿರುಕು ಇದ್ದರೆ ನೋಡಿದ ಪ್ರತಿ ಸ್ಲೈಡಿನಲ್ಲೂ ಒಂದೇ ಜಾಗದಲ್ಲಿ ಗೆರೆ ಕಾಣುತ್ತದೆ. ಅದು ಸೊಳ್ಳೆಯದಲ್ಲ, ಗಾಜಿನದು ಅಂತ ಹೇಗೆ ಗೊತ್ತಾಗಬೇಕು? ಇದಕ್ಕೆ ಇವತ್ತಿಗೂ ಬಳಸುವ ಉಪಾಯ ಐತಿ. ಸ್ಲೈಡ್ ಸರಿಸಿದಾಗ ಕಲೆ ಜೊತೆಗೆ ಸರಿದರೆ ಅದು ಸ್ಲೈಡಿನದು. ಐಪೀಸನ್ನು ಬೆರಳಿನಿಂದ ತಿರುಗಿಸಿದಾಗ ಕಲೆ ತಿರುಗಿದರೆ ಅದು ಐಪೀಸಿನದು. ಎರಡಕ್ಕೂ ಅಲುಗದಿದ್ದರೆ ಆಬ್ಜೆಕ್ಟಿವ್ ಅಥವಾ ಕಂಡೆನ್ಸರ್ ಒರೆಸಬೇಕು. ಕೋಡಿನಲ್ಲಿ ಬಗ್ ಹುಡುಕುವವರು ಒಂದೊಂದೇ ಲೈನು ಬದಲಾಯಿಸಿ ನೋಡತಾರಲ್ಲ, ಅದೇ ರೀತಿ.

ಎರಡನೆಯದು ಫೋಕಸ್ ಸ್ಕ್ರೂಗಳು. ದೊಡ್ಡ ಸ್ಕ್ರೂ ಕೊಳವೆಯನ್ನೋ ಸ್ಟೇಜನ್ನೋ ದೂರ ಹತ್ತಿರ ಸರಿಸುತ್ತದೆ, ಸಣ್ಣ ಸ್ಕ್ರೂ ಕೂದಲೆಳೆಗಿಂತ ಕಡಿಮೆ ಸರಿಸುತ್ತದೆ. ದೊಡ್ಡ ಪಟ್ಟಿನಲ್ಲಿ ಒಂದು ಸಲಕ್ಕೆ ಸ್ಪಷ್ಟವಾಗಿ ಕಾಣುವುದು ವಸ್ತುವಿನ ಒಂದು ತೆಳು ಪದರ ಅಷ್ಟೇ. ಅದಕ್ಕೇ ನುರಿತವರ ಬೆರಳು ಸಣ್ಣ ಸ್ಕ್ರೂ ಮೇಲೆ ಹಿಂದಕ್ಕೆ ಮುಂದಕ್ಕೆ ಆಡುತ್ತಲೇ ಇರುತ್ತದೆ. ಮೇಲಿನಿಂದ ಕೆಳಗಿನವರೆಗೆ ಪದರ ಪದರವಾಗಿ ಇಳಿಯುತ್ತ ವಸ್ತುವಿನ ಆಳವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ. ತುಕ್ಕು ಹಿಡಿದ ಸ್ಕ್ರೂನಲ್ಲಿ ಈ ಕೆಲಸ ಎಷ್ಟು ತ್ರಾಸು ಅಂತ ನೀವೇ ಊಹಿಸ್ರಿ.

ಮೂರನೆಯದು ನಾವು ಯಾರೂ ಮುಟ್ಟದೇ ಬಿಡುವ ಭಾಗ: ಸ್ಟೇಜಿನ ಕೆಳಗಿನ ಕಂಡೆನ್ಸರ್ ಮತ್ತು ಅದರ ಡಯಾಫ್ರಮ್. ಕನ್ನಡಿಯಿಂದ ಬಂದ ಬೆಳಕನ್ನು ಕಂಡೆನ್ಸರ್ ಒಟ್ಟುಗೂಡಿಸಿ ವಸ್ತುವಿನ ಮೇಲೆ ಹಾಯಿಸುತ್ತದೆ. ಡಯಾಫ್ರಮ್ ಆ ಬೆಳಕಿನ ಕೋನವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಕುಗ್ಗಿಸಿದರೆ ಪಾರದರ್ಶಕ ವಸ್ತುಗಳ ಅಂಚು ಎದ್ದು ಕಾಣುತ್ತದೆ, ಆದರೆ ಸೂಕ್ಷ್ಮ ವಿವರ ಹೋಗುತ್ತದೆ. ಹಿಗ್ಗಿಸಿದರೆ ವಿವರ ಬರುತ್ತದೆ, ಅಂಚು ಮಂಕಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಎಂಜಿನಿಯರಿಂಗಿನಲ್ಲಿ ನಾವು ದಿನಾ ನೋಡುವ ಕೊಡು-ಕೊಳ್ಳುವ ಲೆಕ್ಕವೇ ಇದು.

ಆಗಸ್ಟ್ 20ರ ಮಧ್ಯಾಹ್ನ. ಮೋಡ ಕವಿದ, ಬೇಯಿಸುವ ಸೆಕೆ. ಹುಸೇನ್ ಖಾನ್ ಅವರನ್ನು ಕಚ್ಚಿದ ಸೊಳ್ಳೆಗಳಲ್ಲಿ ಕೆಲವೇ ಉಳಿದಿದ್ದವು. ಒಂದನ್ನು ಬಿಡಿಸಿ ಹೊಟ್ಟೆಯ ಗೋಡೆಯನ್ನು ಇಂಚಿಂಚಾಗಿ ನೋಡುತ್ತ ಹೋದ ರಾಸ್ ಅವರಿಗೆ ಸುಮಾರು 12 ಮೈಕ್ರಾನ್ ಅಗಲದ ದುಂಡನೆಯ ಒಂದು ಕೋಶ ಕಂಡಿತು. ಅದರ ಅಂಚು ಬಹಳ ಸ್ಪಷ್ಟ. ಸೊಳ್ಳೆಯ ಹೊಟ್ಟೆಯ ಕೋಶಕ್ಕಿಂತ ಸಣ್ಣದು. ಸ್ವಲ್ಪ ಸರಿಸಿದರೆ ಅಂಥದ್ದೇ ಇನ್ನೊಂದು, ಮತ್ತೊಂದು. ಮೋಡದಿಂದ ಬೆಳಕು ಸಾಲದಾಗಿತ್ತು. ಆಗ ಅವರು ಮಾಡಿದ್ದು ಎರಡೇ ಕೆಲಸ: ಕಂಡೆನ್ಸರಿನ ಡಯಾಫ್ರಮ್ ಅಗಲಿಸಿದರು, ಫೋಕಸ್ ಬದಲಿಸಿದರು. ಆ ಕೋಶಗಳೊಳಗೆ ಕಪ್ಪು ಕಾಳುಗಳ ಗುಂಪು ಎದ್ದು ಬಂತು. ಮೂರು ವರ್ಷದ ಹಿಂದೆ ಮ್ಯಾನ್ಸನ್ ತೋರಿಸಿದ್ದ ಅದೇ ಕಪ್ಪು.

ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಕೊನೆಯ ಸೊಳ್ಳೆಯನ್ನು ನೋಡಿದರು. ಅದರಲ್ಲೂ ಅದೇ ಕೋಶಗಳು ಇದ್ದವು, ಹಿಂದಿನ ದಿನಕ್ಕಿಂತ ದೊಡ್ಡದಾಗಿದ್ದವು. ಧೂಳಾಗಿದ್ದರೆ ಬೆಳೆಯುವುದಿಲ್ಲ. ಬೆಳೆಯುತ್ತಿದೆ ಅಂದರೆ ಜೀವ ಇದೆ. ಒಂದೇ ರೀಡಿಂಗ್ ನಂಬಬಾರದು ಅಂತ ಲ್ಯಾಬಿನಲ್ಲಿ ನಮಗೆ ಹೇಳುವುದರ ಅರ್ಥ ಇದೇ. ಆಗಸ್ಟ್ 20ನ್ನು ಈಗ ಜಗತ್ತು ಸೊಳ್ಳೆ ದಿನವಾಗಿ ಆಚರಿಸುತ್ತದೆ. ಲೇಖನ ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು.

ವರ್ಗಾವಣೆ, ಗುಬ್ಬಿ, ಜಗಳ

ಇಷ್ಟು ದೊಡ್ಡದು ಕಂಡ ಮೇಲೆ ಸರಕಾರ ಏನು ಮಾಡಿತು? ಮುಂದಿನ ತಿಂಗಳೇ ವರ್ಗ ಮಾಡಿತು. ರಾಜಪುತಾನದ ಖೇರವಾಡಾ ಎಂಬ ಊರು, ಅಲ್ಲಿ ಮಲೇರಿಯಾ ರೋಗಿಗಳೇ ಅಪರೂಪ. ತಿಂಗಳುಗಳು ವ್ಯರ್ಥವಾದವು. ಮ್ಯಾನ್ಸನ್ ಲಂಡನ್ನಿನಿಂದ ಒತ್ತಾಯ ಮಾಡಿ 1898ರಲ್ಲಿ ಕಲ್ಕತ್ತಕ್ಕೆ ವಿಶೇಷ ಕೆಲಸದ ಮೇಲೆ ಹಾಕಿಸಿದರು. ಅಲ್ಲಿ ಮನುಷ್ಯರ ರೋಗಿಗಳು ಸಿಗುವುದು ಕಷ್ಟವಾದಾಗ ರಾಸ್ ಹಕ್ಕಿಗಳ ಮಲೇರಿಯಾ ಹಿಡಿದರು. ಮಹಮ್ಮದ್ ಬಕ್ಷ್ ಎಂಬ ಸಹಾಯಕರು ಜೊತೆಗಿದ್ದರು. ಆ ವರ್ಷದ ಜುಲೈನಲ್ಲಿ ಪರಾವಲಂಬಿ ಸೊಳ್ಳೆಯ ಹೊಟ್ಟೆಯಿಂದ ಅದರ ಜೊಲ್ಲುಗ್ರಂಥಿಗೆ ಬರುವುದನ್ನು ಕಂಡರು. ಆ ಸೊಳ್ಳೆ ಕಚ್ಚಿದ ಆರೋಗ್ಯವಂತ ಗುಬ್ಬಿಗಳಿಗೆ ರೋಗ ಬಂತು. ನೀರು ಕುಡಿದಲ್ಲ, ಕಚ್ಚಿದ್ದರಿಂದಲೇ ರೋಗ ಹರಡುತ್ತದೆ ಅನ್ನೋದು ಖಚಿತವಾಯಿತು.

ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಿಂದ ಹರಡುವುದನ್ನು ಪೂರ್ತಿಯಾಗಿ ತೋರಿಸಿದರು. 1902ರ ನೊಬೆಲ್ ಮಾತ್ರ ರಾಸ್ ಒಬ್ಬರಿಗೇ ಬಂತು. ಯಾರು ಮೊದಲು ಅಂತ ಇಬ್ಬರ ನಡುವೆ ಕಹಿ ಜಗಳ ಬಹಳ ವರ್ಷ ನಡೆಯಿತು. ರಾಸ್ ಸುಲಭದ ಮನುಷ್ಯ ಆಗಿರಲಿಲ್ಲ, ಸಿಟ್ಟು ಬೇಗ, ಮರೆಯುವುದು ತಡ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಹುಸೇನ್ ಖಾನ್ ಹತ್ತು ಆಣೆಗೆ ಮೈ ಒಡ್ಡಿದರು. ಆಳುವವರ ಆಸ್ಪತ್ರೆಯಲ್ಲಿ ಬಡ ರೋಗಿಯ ಒಪ್ಪಿಗೆ ಅಂದ್ರ ಎಷ್ಟರ ಮಟ್ಟಿನ ಒಪ್ಪಿಗೆ? ಇಂದು ಯಾವ ಸಂಸ್ಥೆಯ ನೈತಿಕ ಸಮಿತಿಯೂ ಈ ಪ್ರಯೋಗವನ್ನು ಹಾಗೇ ಬಿಡುವುದಿಲ್ಲ. ಮರಿಹುಳು ತಂದವರು, ಬಾಟಲಿ ತೊಳೆದವರು, ಸೊಳ್ಳೆ ಸಾಕಿದವರು ಹೆಚ್ಚಿನವರ ಹೆಸರು ಪಾಠಪುಸ್ತಕಕ್ಕೆ ಬರಲೇ ಇಲ್ಲ. ಕಂಡ ಕಣ್ಣು ರಾಸ್ ಅವರದು. ಕಾಣುವಂತೆ ಮಾಡಿದ ಕೈಗಳು ಹಲವು.

ಮೇಷ್ಟ್ರಾದ ರಾಸ್

1899ರಲ್ಲಿ ಭಾರತ ಬಿಟ್ಟ ರಾಸ್ ಹೊಸದಾಗಿ ಶುರುವಾಗಿದ್ದ ಲಿವರ್‌ಪೂಲಿನ ಉಷ್ಣವಲಯ ವೈದ್ಯಕೀಯ ಶಾಲೆಗೆ ಅಧ್ಯಾಪಕರಾಗಿ ಹೋದರು, ಆಮೇಲೆ ಪ್ರೊಫೆಸರ್ ಆದರು. ಮ್ಯಾನ್ಸನ್ ತಮಗೆ ತೋರಿಸಿಕೊಟ್ಟದ್ದನ್ನು ಮುಂದಿನವರಿಗೆ ತೋರಿಸುವ ಸರದಿ ಅವರದಾಯಿತು. 1903ರ ದಪ್ಪ ಲೇಪದ ಉಪಾಯ ಇದೇ ಕಾಲದ್ದು. ತೆಳು ಲೇಪದಲ್ಲಿ ರಕ್ತ ಬಹಳ ಕಡಿಮೆ, ಪರಾವಲಂಬಿ ವಿರಳವಾಗಿದ್ದರೆ ತಪ್ಪಿಹೋಗುತ್ತದೆ. ಒಂದು ಹನಿ ರಕ್ತವನ್ನು ದಪ್ಪಗೆ ಒಣಗಿಸಿ, ನೀರಿನಿಂದ ಕೆಂಪು ರಕ್ತಕಣಗಳನ್ನು ಒಡೆದು ಬಣ್ಣ ತೊಳೆದರೆ ಪರಾವಲಂಬಿ ಉಳಿಯುತ್ತದೆ. ಅದೇ ಜಾಗದಲ್ಲಿ ಹೆಚ್ಚು ರಕ್ತ ಹುಡುಕಿದಂತಾಯಿತು. ದಪ್ಪ ಲೇಪ ಇದೆಯೋ ಇಲ್ಲವೋ ಹೇಳುತ್ತದೆ, ತೆಳು ಲೇಪ ಯಾವ ಜಾತಿ ಅಂತ ಹೇಳುತ್ತದೆ.

ಗಣಿತದ ಹುಚ್ಚೂ ಆಗ ಫಲ ಕೊಟ್ಟಿತು. ಮಲೇರಿಯಾ ತಡೆಯ ಬಗ್ಗೆ 1910ರಲ್ಲಿ ಬಂದ ಅವರ ದೊಡ್ಡ ಪುಸ್ತಕದಲ್ಲಿ ರೋಗ ಹರಡುವುದನ್ನು ಸಮೀಕರಣಗಳಲ್ಲಿ ಬರೆದರು. ಊರಿನ ಕೊನೆಯ ಸೊಳ್ಳೆಯವರೆಗೆ ಕೊಲ್ಲಬೇಕಾಗಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ರೋಗ ತಾನಾಗಿಯೇ ಕುಗ್ಗುತ್ತದೆ ಅಂತ ಲೆಕ್ಕದಿಂದ ತೋರಿಸಿದರು. ಕೊರೊನಾ ಕಾಲದಲ್ಲಿ ಟಿವಿಯಲ್ಲಿ ಕೇಳಿದ ಆರ್ ನಾಟ್ ಅನ್ನೋ ಸಂಖ್ಯೆಯ ಹಿಂದಿನ ಯೋಚನೆಗೆ ಈ ಕೆಲಸವೂ ಒಂದು ಬೇರು. 1911ರಲ್ಲಿ ಸರ್ ಪದವಿ ಬಂತು. 1926ರಲ್ಲಿ ಅವರ ಹೆಸರಿನಲ್ಲೇ ಲಂಡನ್ನಿನಲ್ಲಿ ಸಂಸ್ಥೆ ತೆರೆಯಿತು. 1932ರ ಸೆಪ್ಟೆಂಬರ್ 16ರಂದು ತೀರಿಕೊಂಡರು. ಅವರು ಕೆಲಸ ಮಾಡಿದ ಬೇಗಂಪೇಟೆಯ ಕಟ್ಟಡ ಈಗ ಅವರ ಹೆಸರಿನ ಸಂಸ್ಥೆಯಾಗಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಕೆಳಗಿದೆ. ಹೈದರಾಬಾದಿಗೆ ಇಂಟರ್ನ್‌ಶಿಪ್‌ಗೆ ಹೋದವರು ಒಮ್ಮೆ ನೋಡಿ ಬರ್ರಿ.

ನಮ್ಮ ಊರಿಗೆ, ನಮ್ಮ ಲ್ಯಾಬಿಗೆ

ರಾಸ್ ಕಂಡದ್ದು ನಮ್ಮ ಭಾಗಕ್ಕೆ ಹಳೆಯ ಸುದ್ದಿ ಅಲ್ಲ. ಜಮಖಂಡಿ, ಮುಧೋಳದ ಕಬ್ಬಿನ ಗದ್ದೆ, ಕಾಲುವೆ, ಬೀಳಗಿ ಕಡೆಯ ಆಲಮಟ್ಟಿ ಹಿನ್ನೀರು ಎಲ್ಲ ನಮ್ಮ ಸುತ್ತಲೇ ಅದಾವ. ಭಾರತದ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಅನಾಫಿಲಿಸ್ ಜಾತಿ ಕಾಲುವೆ ಮತ್ತು ನಿಂತ ನೀರಿನಲ್ಲಿ ಮರಿ ಮಾಡುತ್ತದೆ. ಇನ್ನೊಂದು ಜಾತಿಗೆ ಬಾವಿ, ಮನೆಯ ಮೇಲಿನ ಟ್ಯಾಂಕು ಸಾಕು. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಸ್ವಚ್ಛ ನೀರೇ ಬೇಕು. ರಬಕವಿ-ಬನಹಟ್ಟಿಯ ನೇಕಾರರ ಓಣಿಯಿರಲಿ, ನಮ್ಮ ಹಾಸ್ಟೆಲ್ಲಿರಲಿ, ನಳದ ನೀರು ದಿನಾ ಬರುವುದಿಲ್ಲ ಅಂತ ಬ್ಯಾರಲ್ ತುಂಬಿಟ್ಟು ಮುಚ್ಚದೇ ಬಿಟ್ಟರೆ ಅದು 1883ರ ಬೆಂಗಳೂರಿನ ತೊಟ್ಟಿಯೇ. ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೀರಿ ಅಂತ ಆಶಾ ಕಾರ್ಯಕರ್ತೆಯರು ಹೇಳುವುದರಲ್ಲಿ ಲೆಕ್ಕ ಐತಿ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸೊಳ್ಳೆಗೆ ಹೆಚ್ಚುಕಡಿಮೆ ಅಷ್ಟು ದಿನ ಬೇಕು.

ಇನ್ನು ಲ್ಯಾಬಿನ ಮಾತು. ಮುಂದಿನ ಸಲ ಸೂಕ್ಷ್ಮದರ್ಶಕದ ಮುಂದೆ ಕೂತಾಗ ಹಿಂಗ ಮಾಡಿ ನೋಡ್ರಿ. ಒಂದು ಕೈ ತೋಳಿನ ಭಾಗಕ್ಕೆ, ಇನ್ನೊಂದು ಕೈ ತಳಕ್ಕೆ ಕೊಟ್ಟು ಎತ್ತಿ ತನ್ನಿ. ಕಡಿಮೆ ಪಟ್ಟಿನ ಆಬ್ಜೆಕ್ಟಿವ್‌ನಿಂದಲೇ ಶುರು ಮಾಡಿ. ಪಕ್ಕದಿಂದ ನೋಡುತ್ತ ಆಬ್ಜೆಕ್ಟಿವನ್ನು ಸ್ಲೈಡಿಗೆ ಹತ್ತಿರ ತನ್ನಿ, ಆಮೇಲೆ ಕಣ್ಣಿಟ್ಟು ದೂರ ಸರಿಸುತ್ತ ಫೋಕಸ್ ಹಿಡೀರಿ. ಇದನ್ನು ಉಲ್ಟಾ ಮಾಡಿದರೆ ಸ್ಲೈಡೂ ಹೋಗತೈತಿ, ಮಸೂರವೂ ಹೋಗತೈತಿ. ದೊಡ್ಡ ಪಟ್ಟಿಗೆ ಹೋದ ಮೇಲೆ ದೊಡ್ಡ ಸ್ಕ್ರೂ ಮುಟ್ಟಬ್ಯಾಡ್ರಿ. ಡಯಾಫ್ರಮ್ ಒಮ್ಮೆ ಪೂರ್ತಿ ತೆರೆದು, ಒಮ್ಮೆ ಅರ್ಧ ಮುಚ್ಚಿ, ಚಿತ್ರದಲ್ಲಿ ಏನು ಬಂತು, ಏನು ಹೋಯಿತು ಅಂತ ಬರೆದುಕೊಳ್ರಿ. ಅನುಮಾನದ ಕಲೆ ಕಂಡರೆ ಐಪೀಸ್ ತಿರುಗಿಸಿ ನೋಡ್ರಿ. ಮತ್ತ ಪಕ್ಕದವರಿಗೆ ಕಾಣಲಿಲ್ಲ ಅಂದ್ರ ಕೂರಿಸಿಕೊಂಡು ತೋರಿಸ್ರಿ.

ಹೊಸ ಸಾಧನ ಬರಲಿ, ಆಮೇಲೆ ಕೆಲಸ ಮಾಡೋಣ ಅಂತ ಕಾಯುವ ಅಭ್ಯಾಸ ನಮ್ಮ ಪ್ರಾಜೆಕ್ಟುಗಳಲ್ಲಿ ಬಹಳ. ರಾಸ್ ಹತ್ತಿರ ಇದ್ದದ್ದು ತುಕ್ಕು ಹಿಡಿದ ಸ್ಕ್ರೂ, ಬಿರುಕು ಬಿಟ್ಟ ಗಾಜು, ಮೋಡದ ಬೆಳಕು. ಆದರೆ ಆ ಗಾಜಿನ ಯಾವ ಗೆರೆ ಯಾವುದರದು ಅಂತ ಅವರಿಗೆ ಗೊತ್ತಿತ್ತು, ಏನನ್ನು ಹುಡುಕಬೇಕು ಅಂತ ಒಬ್ಬ ಗುರು ಕಲಿಸಿದ್ದರು. ಚಿತ್ರ ಬಿಡಿಸಿ ಭಾಗ ಗುರುತಿಸಿದರೆ ಮಾರ್ಕ್ಸ್ ಬರುತ್ತದೆ. ಪ್ರತಿ ಭಾಗವನ್ನೂ ಕೈಯಿಂದ ತಿರುಗಿಸಿ ಅರಿತರೆ, ಇರುವ ಸಾಧನದಲ್ಲೇ ಕೆಲಸ ಆಗುತ್ತದೆ.